ಕಿವಿಯ ಮೆಷಿನ್‌ಗೆ ನಾಚಿಕೆ, ಕನ್ನಡಕದ ಕ್ಯಾಮರಾಕ್ಕೆ ಶಹಬ್ಬಾಸ್!

ಬಸ್ಸಿನಲ್ಲಿ ಹೋಗುವಾಗ ಒಮ್ಮೆ ಸುತ್ತ ಕಣ್ಣಾಡಿಸಿ. ಕಾಲೇಜಿಗೆ ಹೋಗುವ ಮಕ್ಕಳಿಂದ ಹಿಡಿದು ದಕ್ಕೆಗೆ ಹೋಗುವ ಕಾಕನವರೆಗೆ ಅನೇಕರ ಕಿವಿಯಲ್ಲಿ ಬಿಳಿಯದೋ ಕಪ್ಪಿನದೋ ಒಂದು ಇಯರ್‌ಬಡ್ ಇದ್ದೇ ಇರುತ್ತದೆ. ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಅದೇ ಬಸ್ಸಿಗೆ ಕಿವಿಯ ಹಿಂದೆ ಶ್ರವಣ ಸಾಧನ, ಅಂದರೆ ನಾವು ‘ಕಿವಿಯ ಮೆಷಿನ್’ ಎನ್ನುವುದನ್ನು, ಹಾಕಿಕೊಂಡ ಹುಡುಗಿಯೊಬ್ಬಳು ಹತ್ತಿದರೆ? ಎಲ್ಲರ ಕಣ್ಣು ಅವಳ ಕಿವಿಯ ಮೇಲೆ. ಅವಳು ಇಳಿಯುವ ಹೊತ್ತಿಗೆ ಯಾರದೋ ಬಾಯಲ್ಲಿ ‘ಪಾಪ’ ಎಂಬ ಮಾತು. ಮನೆಯಲ್ಲಾದರೆ ‘ಇನ್ನು ಇವಳಿಗೆ ಸಂಬಂಧ ಹೇಗೆ ಬರ್ತದೆ’ ಎಂಬ ಚಿಂತೆ.

ಎರಡೂ ಕಿವಿಗೆ ಹಾಕುವ ವಸ್ತುಗಳೇ. ಎರಡರಲ್ಲೂ ಬ್ಯಾಟರಿ ಉಂಟು, ಮೈಕ್ ಉಂಟು, ಸಣ್ಣ ಸ್ಪೀಕರ್ ಉಂಟು. ಒಂದನ್ನು ಹಾಕಿಕೊಂಡವನಿಗೆ ಪಕ್ಕದವರು ಕರೆದದ್ದು ಕೇಳುವುದಿಲ್ಲ. ಇನ್ನೊಂದನ್ನು ಹಾಕಿಕೊಂಡವರಿಗೆ ಪಕ್ಕದವರು ಕರೆದದ್ದು ಕೇಳುತ್ತದೆ. ನಾವು ಮರ್ಯಾದೆ ಕೊಡುವುದು ಮೊದಲನೆಯದಕ್ಕೆ, ನಾಚಿಕೊಳ್ಳುವುದು ಎರಡನೆಯದಕ್ಕೆ!

ಮೈಮೇಲೆ ಧರಿಸುವ ಯಂತ್ರಗಳು ಈಗ ನಮ್ಮ ಮನೆಗಳಿಗೆ ಒಂದೊಂದಾಗಿ ಬರುತ್ತಿವೆ. ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಹಿಂದೆ ಟೇಪ್ ರೆಕಾರ್ಡರ್ ಇತ್ತು, ಆಮೇಲೆ ಮೊಬೈಲ್ ಬಂತು, ಈಗ ಸ್ಮಾರ್ಟ್ ವಾಚ್, ಇಯರ್‌ಬಡ್, ಕ್ಯಾಮರಾ ಇರುವ ಕನ್ನಡಕ. ಇವುಗಳಲ್ಲಿ ಯಾವುದನ್ನು ಹಾಕಿಕೊಂಡರೆ ಚೆಂದ, ಯಾವುದನ್ನು ಹಾಕಿಕೊಂಡರೆ ನಾಚಿಕೆ ಎಂಬ ನಮ್ಮ ಲೆಕ್ಕ ತಲೆಕೆಳಗಾಗಿದೆ. ಈ ವಾರ ನಾವು ಹೇಳಲು ಹೊರಟಿರುವುದು ಇಷ್ಟನ್ನೇ.

ಬಚ್ಚಿಟ್ಟ ಕಿವಿ

ಕಿವಿ ಮಂದವಾಗುವುದು ಯಾವುದೋ ಒಂದು ಮನೆಯ ಸಮಸ್ಯೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ, ಅಂದರೆ ಐದರಲ್ಲಿ ಒಬ್ಬರಿಗೆ, ಸ್ವಲ್ಪವೋ ಹೆಚ್ಚೋ ಕೇಳಿಸುವ ಶಕ್ತಿ ಕಡಿಮೆ ಇದೆ. ಅವರಲ್ಲಿ 43 ಕೋಟಿ ಜನರಿಗೆ ಚಿಕಿತ್ಸೆಯೋ ಸಾಧನವೋ ಬೇಕೇ ಬೇಕು. ಹತ್ತಿಪ್ಪತ್ತು ಜನ ಕೂಡುವ ನಮ್ಮ ಕುಟುಂಬಗಳಲ್ಲಿ ಅಂಥವರು ಒಬ್ಬರಾದರೂ ಇಲ್ಲದಿರುವುದು ಹೇಗೆ?

ಮಕ್ಕಳ ವಿಷಯದಲ್ಲಿ ವೈದ್ಯರ ಲೆಕ್ಕ ಬಹಳ ಸರಳ. ಹುಟ್ಟಿ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ದೋಷ ಉಂಟೋ ಇಲ್ಲವೋ ಎಂಬ ತೀರ್ಮಾನ, ಆರು ತಿಂಗಳೊಳಗೆ ಸಾಧನ ಅಥವಾ ಚಿಕಿತ್ಸೆ. ಮಗು ಮಾತು ಕಲಿಯುವುದು ಕೇಳಿಯೇ. ಕೇಳದೆ ಕಳೆದ ತಿಂಗಳುಗಳನ್ನು ಆಮೇಲೆ ಪೂರ್ತಿ ವಾಪಸು ತರಲು ಬಹಳ ಕಷ್ಟ. ಆದರೆ ನಮ್ಮಲ್ಲಿ ಆಗುವುದೇನು? ‘ಇವನ ಅಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಎರಡು ಮೂರು ವರ್ಷ ದೂಡುತ್ತೇವೆ. ಕೊನೆಗೆ ಡಾಕ್ಟರು ಮೆಷಿನ್ ಕೊಟ್ಟರೂ ಮದುವೆಗೆ ಕರಕೊಂಡು ಹೋಗುವಾಗ ತೆಗೆದಿಡುತ್ತೇವೆ. ಫೋಟೋಕ್ಕೆ ನಿಲ್ಲಿಸುವಾಗ ತೆಗೆದಿಡುತ್ತೇವೆ. ಇದರಿಂದ ಆ ಮಗು ಏನು ಕಲಿಯಿತು? ತನ್ನ ಕಿವಿಯಲ್ಲಿರುವುದು ಏನೋ ಕೆಟ್ಟದ್ದು, ನಾಲ್ಕು ಜನ ನೋಡಬಾರದ್ದು ಎಂದು ಕಲಿಯಿತು. ಕೇಳಲೆಂದು ಕೊಟ್ಟ ಸಾಧನ ಜನ ಹೆಚ್ಚು ಮಾತಾಡುವ ಜಾಗದಲ್ಲೇ ಡಬ್ಬಿಯೊಳಗೆ ಉಳಿಯಿತು.

ಮದ್ರಸದಲ್ಲಿ ಪಾಠ ಹೇಳುವ ನಮಗೆ ಇದರ ಇನ್ನೊಂದು ಮುಖವೂ ಕಾಣುತ್ತದೆ. ಅರಬಿ ಅಕ್ಷರ ಕಲಿಸುವಾಗ ‘ಸೀನ್’, ‘ಸ್ವಾದ್’, ‘ಸಾ’ ಇವುಗಳ ಉಚ್ಚಾರದ ವ್ಯತ್ಯಾಸವನ್ನು ಮಕ್ಕಳು ಹಿಡಿಯುವುದು ಕಿವಿಯಿಂದ. ಇಂಥ ಸೂಕ್ಷ್ಮ ಸದ್ದುಗಳೇ ಕಿವಿ ಸ್ವಲ್ಪ ಮಂದವಾದ ಮಗುವಿಗೆ ಮೊದಲು ತಪ್ಪಿಹೋಗುವುದು. ಕರೆದರೆ ಕೇಳ್ತದೆ, ಆದ್ದರಿಂದ ಕಿವಿ ಸರಿ ಉಂಟು ಎಂದು ಮನೆಯವರು ತಿಳಿಯುತ್ತಾರೆ. ಉಚ್ಚಾರ ತಪ್ಪಿದಾಗ ಮಗು ದಡ್ಡ ಎಂದೋ ಗಮನ ಇಲ್ಲ ಎಂದೋ ಹೆಸರು ಬೀಳುತ್ತದೆ. ಮೂರು ಸಲ ಹೇಳಿಕೊಟ್ಟರೂ ಒಂದೇ ಅಕ್ಷರದಲ್ಲಿ ತಪ್ಪುವ ಮಗುವನ್ನು ಗದರಿಸುವ ಮೊದಲು ಮುಂದಿನ ಸಾಲಿನಲ್ಲಿ ಕೂರಿಸಿ ನೋಡಬೇಕು. ಹೆತ್ತವರಿಗೆ ಕಿವಿ ತೋರಿಸಲು ಹೇಳಬೇಕು. ಇದು ನಮ್ಮ ಉಸ್ತಾದರೆಲ್ಲರ ಕೆಲಸ.

ಹಿರಿಯರದ್ದು ಇನ್ನೊಂದು ಕಥೆ. ‘ಪ್ರಾಯ ಆಯಿತಲ್ಲ, ಇನ್ನು ಕೇಳಿ ಎಂತ ಆಗ್ಬೇಕು?’ ಎಂದು ಅವರೇ ಹೇಳುತ್ತಾರೆ. ಮನೆಯವರೂ ಹೌದೆನ್ನುತ್ತಾರೆ. ಅಲ್ಲಿಂದ ಮೆಲ್ಲ ಮೆಲ್ಲಗೆ ಏನಾಗುತ್ತದೆ ನೋಡಿ. ಮೊದಲು ಟಿವಿ ಸೌಂಡ್ ಜಾಸ್ತಿಯಾಗುತ್ತದೆ. ಆಮೇಲೆ ದುಬೈಯಿಂದ ಮಗ ಫೋನ್ ಮಾಡಿದಾಗ ಉಮ್ಮ ಎರಡು ಮಾತಾಡಿ ಸೊಸೆಯ ಕೈಗೆ ಕೊಡುತ್ತಾರೆ. ನೆಂಟರು ಬಂದಾಗ ಎಲ್ಲರೂ ನಕ್ಕಾಗ ತಾನೂ ನಗುತ್ತಾರೆ, ಏನಕ್ಕೆ ನಕ್ಕದ್ದೆಂದು ಗೊತ್ತಿರುವುದಿಲ್ಲ. ಕೊನೆಗೆ ಒಳಗಿನ ಕೋಣೆಯೇ ಅವರಿಗೆ ಹಿತವಾಗುತ್ತದೆ. ‘ಉಮ್ಮ ಈಗ ಮೊದಲಿನ ಹಾಗೆ ಮಾತಾಡುವುದಿಲ್ಲ’ ಎಂದು ನಾವು ಹೇಳಿಕೊಳ್ಳುತ್ತೇವೆ. ಮರೆವಿನ ಕಾಯಿಲೆಯ ಬಗ್ಗೆ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ತಂಡ 2024ರಲ್ಲಿ ಕೊಟ್ಟ ವರದಿಯಲ್ಲಿ, ನಾವು ಮನಸ್ಸು ಮಾಡಿದರೆ ತಗ್ಗಿಸಬಹುದಾದ 14 ಅಪಾಯಗಳ ಪಟ್ಟಿ ಉಂಟು. ಅದರಲ್ಲಿ ಕಿವಿ ಕೇಳದಿರುವುದೂ ಒಂದು. ಹಾಗಾಗಿ ಪ್ರಾಯದವರ ಕಿವಿಗೆ ಮೆಷಿನ್ ಹಾಕಿಸುವುದು ಶೋಕಿ ಅಲ್ಲ, ಅದು ಬಾಕಿ ಇರುವ ಔಷಧ.

ನಾಚಿಕೆ ಬದಲಾಗುತ್ತದೆ

‘ಜನ ಎಂತ ಹೇಳ್ತಾರೆ’ ಎನ್ನುವುದು ಎಂದೂ ಒಂದೇ ತರ ಇರುವುದಿಲ್ಲ. ಕನ್ನಡಕದ ಕಥೆಯನ್ನೇ ನೆನಪು ಮಾಡಿಕೊಳ್ಳಿ. ನಮ್ಮ ಶಾಲೆಯ ದಿನಗಳಲ್ಲಿ ಕನ್ನಡಕ ಹಾಕಿದ ಹುಡುಗನಿಗೆ ‘ನಾಲ್ಕು ಕಣ್ಣು’ ಎಂಬ ಅಡ್ಡಹೆಸರು ಖಾಯಂ. ಹೆಣ್ಣು ನೋಡಲು ಬಂದಾಗ ಕನ್ನಡಕ ತೆಗೆದಿಟ್ಟು ಚಾ ತರುತ್ತಿದ್ದ ಹುಡುಗಿಯರಿದ್ದರು. ಇವತ್ತು ಪವರ್ ಇಲ್ಲದವರೂ ಚೆಂದಕ್ಕೆಂದು ಕನ್ನಡಕ ಹಾಕುತ್ತಾರೆ. ಹಾಕುವವರು ಹೆಚ್ಚಾದರು, ನಾಚಿಕೆ ಹೋಯಿತು, ಅಷ್ಟೇ.

ಕಿವಿಗೆ ಹಾಕುವ ವಸ್ತುವಿನ ಕಥೆಯೂ ಹಾಗೆಯೇ. ಜಪಾನಿನ ಸೋನಿ ಕಂಪೆನಿ 1979ರಲ್ಲಿ ವಾಕ್‌ಮ್ಯಾನ್ ತಂದಾಗ ಅದರ ಮುಖ್ಯಸ್ಥ ಅಕಿಯೊ ಮೊರಿಟಾ ಅವರಿಗೇ ಒಂದು ಅಳುಕಿತ್ತು. ನಾಲ್ಕು ಜನರ ನಡುವೆ ಒಬ್ಬನೇ ಕಿವಿ ಮುಚ್ಚಿಕೊಂಡು ಹಾಡು ಕೇಳುವುದು ಜನರಿಗೆ ಒರಟುತನವಾಗಿ ಕಾಣಬಹುದು ಎಂದು. ಅದಕ್ಕಾಗಿ ಮೊದಲ ವಾಕ್‌ಮ್ಯಾನಿನಲ್ಲಿ ಇಬ್ಬರು ಕೇಳುವಂತೆ ಎರಡು ಹೆಡ್‌ಫೋನ್ ಕಿಂಡಿ ಇಟ್ಟರು. ಹಾಡಿನ ನಡುವೆ ಪರಸ್ಪರ ಮಾತಾಡಲು ಒಂದು ಕಿತ್ತಳೆ ಬಣ್ಣದ ಬಟನ್ನೂ ಇತ್ತು. ಸ್ವಲ್ಪ ಕಾಲದಲ್ಲೇ ಆ ಬಟನ್ ಮಾಯವಾಯಿತು. ಜನ ಒಬ್ಬೊಬ್ಬರೇ ಕೇಳುವುದನ್ನು ಒಪ್ಪಿಕೊಂಡರು.

2016ರಲ್ಲಿ ಆಪಲ್ ಕಂಪೆನಿ ವೈರ್ ಇಲ್ಲದ ಏರ್‌ಪಾಡ್ಸ್ ತಂದಾಗಲೂ ನಗೆಚಾಟಿಕೆ ಮಾಡಿದವರೇ ಹೆಚ್ಚು. ಹಲ್ಲುಜ್ಜುವ ಬ್ರಶ್ಶಿನ ತಲೆ ಕಿವಿಯಲ್ಲಿ ಸಿಕ್ಕಿಸಿದಂತೆ ಉಂಟು ಎಂದರು. ಈಗ ಯಾರಾದರೂ ನಗುತ್ತಾರಾ? ಈ ಕಥೆಯ ಮುಂದಿನ ಭಾಗ ಕೇಳಿ. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅದೇ ಕಂಪೆನಿಯ ಏರ್‌ಪಾಡ್ಸ್ ಪ್ರೋ ಎಂಬ ಇಯರ್‌ಬಡ್ಡಿಗೆ, ಸ್ವಲ್ಪದಿಂದ ಮಧ್ಯಮ ಪ್ರಮಾಣದಲ್ಲಿ ಕಿವಿ ಮಂದವಿರುವ ದೊಡ್ಡವರು ಶ್ರವಣ ಸಾಧನದಂತೆ ಬಳಸಲು ಅನುಮತಿ ಕೊಟ್ಟಿತು. ಅಂದರೆ ಫ್ಯಾಶನ್ ಎಂದು ನಾವು ಹೊಗಳುವ ವಸ್ತು ಮತ್ತು ‘ಪಾಪ’ ಎಂದು ನಾವು ಮರುಗುವ ವಸ್ತು ಈಗ ಒಂದೇ ಆಗಿಬಿಟ್ಟಿದೆ! ನಾಚಿಕೆ ವಸ್ತುವಿನಲ್ಲಿ ಇರಲಿಲ್ಲ, ನಮ್ಮ ಕಣ್ಣಿನಲ್ಲಿತ್ತು.

ಇನ್ನೊಂದು ಪುಟ್ಟ ಯಂತ್ರದ ಬಗ್ಗೆಯೂ ಹೇಳಬೇಕು. ಸಣ್ಣ ಪ್ರಾಯದಲ್ಲೇ ಬರುವ ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ದೇಹಕ್ಕೆ ಇನ್ಸುಲಿನ್ ಹೊರಗಿನಿಂದಲೇ ಕೊಡಬೇಕು. ದಿನಕ್ಕೆ ಹಲವು ಸಲ ಬೆರಳು ಚುಚ್ಚಿ ಶುಗರ್ ನೋಡುವ ಬದಲು ತೋಳಿಗೆ ನಾಣ್ಯದಷ್ಟು ದೊಡ್ಡ ಒಂದು ಸೆನ್ಸರ್ ಅಂಟಿಸುವ ವಿಧಾನ ಈಗ ಉಂಟು. ಇಂಥವುಗಳಲ್ಲಿ ಕೆಲವು ಎರಡು ವಾರ ಕೆಲಸ ಮಾಡುತ್ತವೆ. ಶುಗರ್ ತೀರಾ ಇಳಿದರೆ ಫೋನಿನಲ್ಲಿ ಅಲಾರಂ ಹೊಡೆಯುತ್ತದೆ. ಅದು ಹೊಡೆದರೆ ಮಗುವಿಗೆ ಕೂಡಲೇ ಏನಾದರೂ ಸಿಹಿ ಬೇಕು. ತರಗತಿಯ ನಡುವೆ ಆ ಸದ್ದು ಬಂದಾಗ ‘ಯಾರದ್ದು ಮೊಬೈಲ್?’ ಎಂದು ಗದರಿಸಿದರೆ ಮರುದಿನ ಆ ಮಗು ಅಲಾರಂ ಬಂದ್ ಮಾಡಿ ಬರುತ್ತದೆ. ಇದು ಜೀವದ ಪ್ರಶ್ನೆ. ಇಂಥ ಮಕ್ಕಳ ಹೆತ್ತವರು ಉಸ್ತಾದರಿಗೂ ಟೀಚರಿಗೂ ಮೊದಲೇ ಹೇಳಿಡಲಿ. ‘ಊರಿಗೆಲ್ಲ ಗೊತ್ತಾಗ್ತದೆ’ ಎಂಬ ಹೆದರಿಕೆ ಬೇಡ. ಗೊತ್ತಿರುವ ಊರೇ ಮಗುವನ್ನು ಕಾಯುವುದು.

ನಾಚಬೇಕಾದ ಜಾಗ

ಹಾಗಾದರೆ ಮೈಮೇಲೆ ಧರಿಸುವ ಯಾವ ಯಂತ್ರಕ್ಕೂ ನಾಚಬೇಕಾದ್ದಿಲ್ಲವೋ? ಉಂಟು. ಆದರೆ ಅಲ್ಲಿ ನಾವು ನಾಚುವುದಿಲ್ಲ, ಚಪ್ಪಾಳೆ ತಟ್ಟುತ್ತೇವೆ.

ಗೂಗಲ್ ಕಂಪೆನಿ 2013ರಲ್ಲಿ ‘ಗ್ಲಾಸ್’ ಎಂಬ ಕನ್ನಡಕವನ್ನು 1500 ಡಾಲರಿಗೆ ಆಯ್ದ ಜನರಿಗೆ ಮಾರಿತು. ಅದರಲ್ಲಿ ಕಣ್ಣಿನ ಪಕ್ಕ ಒಂದು ಪುಟ್ಟ ಪರದೆ, ಒಂದು ಕ್ಯಾಮರಾ. ತಂತ್ರಜ್ಞಾನವನ್ನು ಬೇಗ ಒಪ್ಪಿಕೊಳ್ಳುವ ಅಮೆರಿಕದಲ್ಲೇ ಅದಕ್ಕೆ ಮರ್ಯಾದೆ ಸಿಗಲಿಲ್ಲ. ಸಿಯಾಟಲ್ ನಗರದ ಒಂದು ಬಾರ್ ಅದನ್ನು ಹಾಕಿಕೊಂಡು ಒಳಗೆ ಬರಬಾರದೆಂದು ಬೋರ್ಡು ಹಾಕಿತು. ಹಾಕಿಕೊಂಡವರಿಗೆ ಒಂದು ಬೈಗುಳದ ಹೆಸರೇ ಹುಟ್ಟಿತು. 2015ರ ಜನವರಿಯಲ್ಲಿ ಕಂಪೆನಿ ಆ ಮಾರಾಟವನ್ನು ನಿಲ್ಲಿಸಿತು. ಬೆಲೆ ಹೆಚ್ಚಾಯಿತು, ನೋಡಲು ವಿಚಿತ್ರ ಉಂಟು ಎಂಬ ಕಾರಣಗಳೂ ಇದ್ದವು. ಜನರಿಗೆ ನಿಜವಾಗಿ ಚುಚ್ಚಿದ್ದು ಬೇರೆ. ಎದುರು ಕೂತವನು ತನ್ನನ್ನು ನೋಡುತ್ತಿದ್ದಾನೋ ಚಿತ್ರ ತೆಗೆಯುತ್ತಿದ್ದಾನೋ ಎಂದು ಗೊತ್ತಾಗುತ್ತಿರಲಿಲ್ಲ.

ಈಗ ಹತ್ತು ವರ್ಷ ಕಳೆದಿದೆ. ಕ್ಯಾಮರಾ ಕನ್ನಡಕ ಮತ್ತೆ ಬಂದಿದೆ, ಈ ಸಲ ವಿಚಿತ್ರವಾಗಿ ಅಲ್ಲ. 2023ರಲ್ಲಿ ಬಂದ ರೇ-ಬ್ಯಾನ್ ಮೆಟಾ ಕನ್ನಡಕ ನೋಡಲು ಮಾಮೂಲಿ ಕನ್ನಡಕದ ಹಾಗೆಯೇ. 2025ರಲ್ಲಿ ಅದು ನಮ್ಮ ದೇಶದಲ್ಲೂ ಮಾರಾಟಕ್ಕೆ ಬಂತು. ವಿಡಿಯೋ ಮಾಡುವಾಗ ಮುಂಭಾಗದಲ್ಲಿ ಒಂದು ಸಣ್ಣ ಲೈಟ್ ಉರಿಯುತ್ತದೆ. ಆ ಲೈಟಿನ ಅರ್ಥ ಗೊತ್ತಿದ್ದವರಿಗೆ ಮಾತ್ರ ಅದು ಎಚ್ಚರಿಕೆ. ನಮ್ಮ ಮನೆಯ ಹೆಂಗಸರಲ್ಲಿ, ಪ್ರಾಯದವರಲ್ಲಿ ಎಷ್ಟು ಮಂದಿಗೆ ಗೊತ್ತುಂಟು? 2024ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ ತೋರಿಸಿದರು. ಇಂಥ ಕನ್ನಡಕದ ವಿಡಿಯೋವನ್ನು ಮುಖ ಗುರುತಿಸುವ ಬೇರೊಂದು ತಂತ್ರಾಂಶಕ್ಕೆ ಜೋಡಿಸಿ, ದಾರಿಯಲ್ಲಿ ಸಿಕ್ಕಿದ ಅಪರಿಚಿತರ ಹೆಸರು ಮತ್ತು ಇತರ ವಿವರಗಳನ್ನು ಕಂಡುಹಿಡಿದರು. ಅವರು ಮಾಡಿದ್ದು ಜನರನ್ನು ಎಚ್ಚರಿಸಲು. ಎಲ್ಲರೂ ಎಚ್ಚರಿಸಲೆಂದೇ ಮಾಡುತ್ತಾರೆ ಎಂದು ನಂಬಲಿಕ್ಕಾಗುತ್ತದಾ?

ಇದನ್ನು ನಮ್ಮ ಮದುವೆ ಹಾಲಿಗೆ ತಂದು ನೋಡಿ. ಹೆಂಗಸರಿಗೆ ಪ್ರತ್ಯೇಕ ಜಾಗ ಮಾಡಿ, ಪರದೆ ಕಟ್ಟಿ, ಬಾಗಿಲಲ್ಲಿ ಇಬ್ಬರನ್ನು ನಿಲ್ಲಿಸುತ್ತೇವೆ. ಮೊಬೈಲ್ ಎತ್ತಿದರೆ ‘ಫೋಟೋ ತೆಗೀಬೇಡಿ’ ಎಂದು ಯಾರಾದರೂ ಹೇಳುತ್ತಾರೆ, ಯಾಕೆಂದರೆ ಎತ್ತಿದ ಕೈ ಕಾಣುತ್ತದೆ. ಪುಯ್ಯಾಪ್ಲೆಯ ಜೊತೆ ಒಳಗೆ ಬರುವ ಗೆಳೆಯನ ಮುಖದಲ್ಲಿ ಕನ್ನಡಕವಿದ್ದರೆ ಯಾರು ಕೇಳುತ್ತಾರೆ? ಕೈ ಎತ್ತಬೇಕಿಲ್ಲ, ನೋಡಿದರೆ ಸಾಕು. ಮರುದಿನ ಆ ದೃಶ್ಯ ಯಾರ ಯಾರ ಫೋನಿನಲ್ಲಿ ಇರುತ್ತದೋ! ನಾವು ಮಾತ್ರ ಅದೇ ಹುಡುಗನ ಸುತ್ತ ನಿಂತು ‘ಎಷ್ಟಾಯ್ತು ಮಾರಾಯ, ಒಮ್ಮೆ ಹಾಕಿ ನೋಡ್ತೇನೆ’ ಎನ್ನುತ್ತೇವೆ. ಅದೇ ಹಾಲಿನ ಮೂಲೆಯಲ್ಲಿ ಕಿವಿಯ ಮೆಷಿನನ್ನು ಮನೆಯಲ್ಲೇ ಬಿಟ್ಟು ಬಂದ ಹುಡುಗಿ ಯಾರ ಮಾತೂ ಸರಿಯಾಗಿ ಕೇಳದೆ ಕೂತಿರುತ್ತಾಳೆ.

ಇನ್ನೊಬ್ಬರ ಮನೆಯೊಳಗೆ ಕಾಲಿಡುವ ಮೊದಲು ಸಲಾಂ ಹೇಳಿ ಅನುಮತಿ ಕೇಳಬೇಕು, ಸಿಗದಿದ್ದರೆ ಬೇಸರಿಸದೆ ಹಿಂದಿರುಗಬೇಕು ಎಂದು ನಾವು ಮಕ್ಕಳಿಗೆ ಮದ್ರಸದ ಮೊದಲ ಪಾಠಗಳಲ್ಲೇ ಕಲಿಸುತ್ತೇವೆ. ಬಾಗಿಲಿಗೆ ಅನುಮತಿ ಬೇಕಾದರೆ ಮುಖಕ್ಕೆ ಬೇಡವಾ?

ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಹೆಣ್ಣೊಬ್ಬಳ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಗಲ್ಫಿಗೆ ಹೋಗುವ ಹುಡುಗರು ಇನ್ನೂ ಜಾಗ್ರತೆ ಇರಬೇಕು. ಯುಎಇಯ 2021ರ ಸೈಬರ್ ಕಾನೂನಿನಲ್ಲಿ ಒಪ್ಪಿಗೆ ಇಲ್ಲದೆ ಬೇರೆಯವರ ಫೋಟೋ ತೆಗೆದು ಖಾಸಗಿತನ ಕೆಡಿಸಿದರೆ ಕನಿಷ್ಠ ಆರು ತಿಂಗಳು ಜೈಲು ಅಥವಾ ಒಂದೂವರೆ ಲಕ್ಷದಿಂದ ಐದು ಲಕ್ಷ ದಿರ್ಹಮ್ ತನಕ ದಂಡ ಬೀಳಬಹುದು, ಎರಡೂ ಬೀಳಬಹುದು. ತಮಾಷೆಗೆ ತೆಗೆದ ಒಂದು ವಿಡಿಯೋ ವರ್ಷಗಳ ಸಂಪಾದನೆಯನ್ನು ನುಂಗಲು ಅಷ್ಟು ಸಾಕು.

ಅಳೆಯುವ ಕೋಲು

ಹಾಗೆಂದು ಕ್ಯಾಮರಾ ಕನ್ನಡಕವೇ ಹರಾಮು ಎಂದು ನಾವು ಹೇಳುತ್ತಿಲ್ಲ. ಕಣ್ಣು ಕಾಣದವರಿಗೆ ಅದೇ ಕನ್ನಡಕ ದೊಡ್ಡ ಆಸರೆಯಾಗುತ್ತಿದೆ. ಎದುರಿರುವ ಬೋರ್ಡು ಓದಿ ಹೇಳಲು, ಔಷಧದ ಬಾಟ್ಲಿ ಯಾವುದೆಂದು ತಿಳಿಯಲು, ದೂರದಲ್ಲಿರುವ ಸ್ವಯಂಸೇವಕರಿಗೆ ಕರೆ ಮಾಡಿ ದಾರಿ ಕೇಳಲು ಅದು ಉಪಯೋಗವಾಗುತ್ತದೆ. ಅಂಥವರು ಅದನ್ನು ಹಾಕಿಕೊಂಡು ಮಸೀದಿಗೋ ಮದುವೆಗೋ ಬಂದರೆ ದಾರಿ ಬಿಟ್ಟುಕೊಡುವುದು ನಮ್ಮ ಕರ್ತವ್ಯ. ಬೈಕಿನಲ್ಲಿ ಶಿರಾಡಿ ಘಾಟಿ ಹತ್ತುತ್ತಾ ಮಳೆಯ ಚಿತ್ರ ತೆಗೆಯುವ ಹುಡುಗನ ಬಗ್ಗೆಯೂ ನಮ್ಮ ತಕರಾರಿಲ್ಲ. ಯಂತ್ರ ಒಂದೇ, ಬಳಸುವ ಜಾಗ ಬೇರೆ.

ಹಾಗಾಗಿ ಹೊಸ ಯಂತ್ರ ಮನೆಗೆ ಬಂದಾಗ ಬೆಲೆ ಕೇಳುವ ಮೊದಲು ಎರಡು ಪ್ರಶ್ನೆ ಕೇಳೋಣ. ಇದು ಹಾಕಿಕೊಂಡವರನ್ನು ಜನರ ಹತ್ತಿರ ತರುತ್ತದೋ, ದೂರ ಮಾಡುತ್ತದೋ? ಇದರಿಂದ ಎದುರಿಗಿರುವವರದ್ದು ಏನಾದರೂ ಅವರಿಗೆ ಗೊತ್ತಿಲ್ಲದೆ ಹೋಗುತ್ತದೋ? ಈ ಕೋಲಿನಲ್ಲಿ ಅಳೆದರೆ ಕಿವಿಯ ಮೆಷಿನ್, ತೋಳಿನ ಸೆನ್ಸರ್ ಎರಡೂ ತಲೆ ಎತ್ತಿ ಹಾಕಿಕೊಳ್ಳಬೇಕಾದವು. ಊಟಕ್ಕೆ ಕೂತಾಗ ಕಿವಿಯಿಂದ ತೆಗೆಯದ ಇಯರ್‌ಬಡ್, ಮನೆಗೆ ಬಂದ ನೆಂಟರು ಮಾತಾಡುವಾಗ ಮತ್ತೆ ಮತ್ತೆ ನೋಡುವ ಸ್ಮಾರ್ಟ್ ವಾಚ್ ಸ್ವಲ್ಪ ನಾಚಬೇಕಾದವು. ವಾಚ್ ನೋಡಿದರೆ ‘ಇನ್ನು ನೀವು ಹೊರಡಿ’ ಎಂದು ಅರ್ಥ ಎಂಬುದು ಹಿರಿಯರಿಗೆ ಗೊತ್ತು. ಕಿರಿಯರು ಮೆಸೇಜ್ ನೋಡಿದ್ದೆಂದು ಹೇಳಬಹುದು, ನೆಂಟರ ಮನಸ್ಸಿಗೆ ಎರಡೂ ಒಂದೇ. ಹೆಂಗಸರಿರುವ ಕಡೆ, ಆಸ್ಪತ್ರೆಯ ವಾರ್ಡಿನಲ್ಲಿ, ಮಯ್ಯತ್ತಿನ ಮನೆಯಲ್ಲಿ ಮುಖಕ್ಕೆ ಏರಿಸಿದ ಕ್ಯಾಮರಾವಂತೂ ಪೂರ್ತಿ ನಾಚಬೇಕಾದದ್ದು.

ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ಮದುವೆ ಆಮಂತ್ರಣದಲ್ಲಿ ‘ಉಡುಗೊರೆ ಬೇಡ’ ಎಂದು ಅಚ್ಚು ಹಾಕಿಸುವವರು ಅದರ ಕೆಳಗೆ ‘ಮಹಿಳೆಯರ ವಿಭಾಗದಲ್ಲಿ ಮೊಬೈಲ್, ಕ್ಯಾಮರಾ ಕನ್ನಡಕ ಬೇಡ’ ಎಂದು ಇನ್ನೊಂದು ಸಾಲು ಸೇರಿಸಲಿ. ಬಾಗಿಲಲ್ಲಿ ನಿಲ್ಲುವವರಿಗೆ ಆ ಕನ್ನಡಕ ಹೇಗಿರುತ್ತದೆಂದು ಹೇಳಿಕೊಡಲಿ. ಜಮಾಅತ್ ಕಮಿಟಿಗಳು ರಕ್ತದಾನ ಶಿಬಿರ ಮಾಡುವಂತೆಯೇ ವರ್ಷಕ್ಕೊಮ್ಮೆ ಕಿವಿ ತಪಾಸಣೆಯ ಶಿಬಿರ ಮಾಡಲಿ. ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ವಿಭಾಗ ಉಂಟು. ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಕಿವಿಯ ತಪಾಸಣೆಯೂ ಸೇರಿದೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕೆ ದೇಶಕ್ಕೆಲ್ಲ ಹೆಸರಾದದ್ದು. ಕಡಿಮೆ ಆದಾಯದ ಮನೆಯವರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ‘ಅಡಿಪ್’ ಯೋಜನೆಯೂ ಉಂಟು. ಕಚೇರಿಗೆ ಅಲೆದು ಅರ್ಜಿ ತುಂಬಿಸಲು ಓದಿದ ಹುಡುಗನೊಬ್ಬ ಜೊತೆಗೆ ಹೋದರೆ ಅರ್ಧ ಕೆಲಸ ಆದಂತೆ.

ಸಂಬಂಧ ನೋಡಲು ಹೋಗುವ ಹಿರಿಯರಿಗೆ ಒಂದು ಮಾತು. ಕನ್ನಡಕ ಹಾಕಿದ ಹುಡುಗಿಯನ್ನು ನಾವು ಇವತ್ತು ಎರಡನೇ ಮಾತಿಲ್ಲದೆ ಸೊಸೆ ಮಾಡಿಕೊಳ್ಳುತ್ತೇವೆ. ಕಿವಿಗೆ ಮೆಷಿನ್ ಹಾಕಿದ ಹುಡುಗಿಯನ್ನೂ ಹುಡುಗನನ್ನೂ ಹಾಗೆಯೇ ನೋಡಲು ನಮ್ಮಿಂದ ಯಾಕೆ ಆಗಬಾರದು? ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಆಮೇಲೆ ಮಾತು ಮುರಿಯುತ್ತದೆ. ತೋರಿಸಿ ಮಾಡಿದರೆ ಮಾತು ಉಳಿಯುತ್ತದೆ. ನಿಮ್ಮ ಮನೆಯ ಮಗು ಮುಂದಿನ ಮದುವೆಗೆ ಮೆಷಿನ್ ಹಾಕಿಕೊಂಡೇ ಹೋಗಲಿ. ಫೋಟೋಕ್ಕೂ ಹಾಗೆಯೇ ನಿಲ್ಲಲಿ. ಯಾರಾದರೂ ‘ಪಾಪ’ ಎಂದರೆ ಮಗುವಿಗೆ ಅದೂ ಕೇಳುತ್ತದೆ ಎಂದು ಅವರಿಗೆ ನೆನಪು ಮಾಡಿ. ಒಳಕೋಣೆಯಲ್ಲಿ ಸುಮ್ಮನೆ ಕೂತಿರುವ ಉಮ್ಮನನ್ನೋ ಉಪ್ಪನನ್ನೋ ಈ ತಿಂಗಳೇ ಒಮ್ಮೆ ಕಿವಿಯ ಡಾಕ್ಟರ ಹತ್ತಿರ ಕರಕೊಂಡು ಹೋಗಿ.